ತಾರೀಖು ನೋಡಿ ಕಥೆ ಹೇಳುವ ಅಮ್ಮ

ವೈದ್ಯೆ ಅನುಪಮಾ ನಿರಂಜನ ಬಸುರಿ-ಬಾಣಂತಿಯರಿಗಾಗಿ ‘ತಾಯಿ ಮಗು’ ಬರೆದರು. ನನಗೆ ಅದಕ್ಕಿಂತ ಇಷ್ಟ ಅವರ ‘ದಿನಕ್ಕೊಂದು ಕಥೆ’. ತಿಂಗಳಿಗೊಂದರಂತೆ 12 ಸಂಪುಟ. ಇನ್ನೊಂದು ಕಥೆ ಬೇಕೆಂದು ಮಗು ಹಟ ಹಿಡಿದರೆ ಪಂಚಾಯ್ತಿಗೆ ತಾರೀಖೇ ಇದೆ!

ಎರಡು ವರ್ಷದ ಕೂಸಿಗೆ ಕೆಲವು ಕಥೆ ದೊಡ್ಡವಾದಾವು. ಮರ್ಕಂಜದಂಥ ಊರಿನ ಅಮ್ಮ ಅಂಥ ಕಥೆಯನ್ನು ಅರೆಭಾಷೆಗೋ ತುಳುವಿಗೋ ಹೊರಳಿಸಿ, ರಾಜನನ್ನು ಕೈಬಿಟ್ಟು ಮೊಲವನ್ನಷ್ಟೇ ಉಳಿಸಿಕೊಂಡು, ಗಂಜಿ ಉಣ್ಣಿಸುತ್ತಲೇ ಹೇಳಿ ಮುಗಿಸಬಲ್ಲಳು. ಬರೆದವರು ಬೇಸರಿಸುತ್ತಿರಲಿಲ್ಲ, ಅವರೂ ಇಬ್ಬರು ಹೆಣ್ಣುಮಕ್ಕಳ ತಾಯಿಯಾಗಿದ್ದವರು.

ಷಷ್ಠಿಗೆ ಕುಕ್ಕೆಗೆ ಹೊರಟ ಸಂಸಾರದ ಚೀಲದಲ್ಲಿ, ಹಾಲಿನ ಬಾಟಲಿಯ ಪಕ್ಕ ಒಂದು ಸಂಪುಟ ಹಿಡಿಸೀತು. ಅಲ್ಲೇ ಸಮೀಪದ ಕುಲ್ಕುಂದ, ಅನುಪಮಾರ ಪತಿ ನಿರಂಜನರು 1924ರಲ್ಲಿ ಹುಟ್ಟಿದ ಊರು. ದರ್ಶನದ ಸಾಲಿನಲ್ಲಿ ರಚ್ಚೆ ಹಿಡಿದ ಮಗುವಿಗೆ ಆ ಊರ ಸೊಸೆಯ ಕಥೆಯೇ ಸಿಗಲಿ.