ಒಗಟಿಲ್ಲದ ಕಾಲಜ್ಞಾನ

ಕ್ಯಾಂಪಿನ ಮೇಷ್ಟರೊಬ್ಬರು ಆ ಪುಸ್ತಕವನ್ನು ನನ್ನ ಕೈಗಿಟ್ಟಾಗ ಒಳಹಾಳೆಯಲ್ಲಿ ಆಗಲೇ ಮೂರು ಸಹಿಗಳಿದ್ದವು. ಒಂದು ತೆಲುಗಿನಲ್ಲಿ, ಎರಡು ಇಂಗ್ಲಿಷಿನಲ್ಲಿ. "ಓದ್ರಿ ಸರ, ಓದಿ ಯಾವ ಕಡಿ ಅದೀರಿ ಹೇಳ್ರಿ" ಅಂದರು. ಕಾದಂಬರಿ ಕೊಡುವವರು ಚೆನ್ನಾಗಿದೆ ಅಂತಾರೆ, ವಾಪಸ್ ಕೊಡೋದು ಮರೀಬ್ಯಾಡ್ರಿ ಅಂತಾರೆ. ಯಾವ ಕಡೆ ಅಂತ ಯಾರೂ ಕೇಳಿದ್ದಿಲ್ಲ.

ಪುಸ್ತಕ 'ಲೆಫ್ಟ್ ಬಿಹೈಂಡ್'. ಟಿಮ್ ಲಹೇ ಎಂಬ ಪಾದ್ರಿ ಭವಿಷ್ಯವಾಣಿಯ ನಕ್ಷೆ ಹಾಕಿಕೊಟ್ಟರು, ಜೆರಿ ಜೆಂಕಿನ್ಸ್ ಕಥೆ ಬರೆದರು. ಮೊದಲ ಸಂಪುಟ 1995ರಲ್ಲಿ ಬಂತು, ಹನ್ನೆರಡನೆಯದು 2004ರಲ್ಲಿ. ಆಮೇಲೆ ಹಿಂದಿನ ಕಥೆ ಅಂತ ಮೂರು, ಮುಂದಿನ ಕಥೆ ಅಂತ ಒಂದು ಸೇರಿ ಒಟ್ಟು ಹದಿನಾರು. ಮಾರಾಟವಾದದ್ದು ಆರು ಕೋಟಿಗೂ ಹೆಚ್ಚು ಪ್ರತಿ. ನಮ್ಮ ಸಿಂಧನೂರಿನ ಬಸ್‌ ಸ್ಟ್ಯಾಂಡಿನಲ್ಲಿ ಈ ಹೆಸರು ಹೇಳಿದರೆ ಯಾರಿಗೂ ಗೊತ್ತಾಗದು. ಆದರೆ ಕಾಲುವೆ ನೀರು ಬಂದ ಮೇಲೆ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳ ಪ್ರಾರ್ಥನಾ ಮಂದಿರದಲ್ಲಿ 'ಎತ್ತಬಡುಟ' ಅಂದರೆ ಹುಡುಗರಿಗೂ ಅರ್ಥವಾಗುತ್ತದೆ. ಕನ್ನಡದಲ್ಲಿ 'ಎತ್ತಲ್ಪಡುವಿಕೆ'. ಒಂದು ದಿನ ನಂಬಿದವರೆಲ್ಲ ಕಣ್ಣು ಮಿಟುಕಿಸುವುದರೊಳಗೆ ಆಕಾಶಕ್ಕೆ ಹೋಗುತ್ತಾರೆ, ಉಳಿದವರಿಗೆ ಏಳು ವರ್ಷದ ಮಹಾಸಂಕಟ, ಕೊನೆಗೆ ಕ್ರಿಸ್ತನ ಬರೋಣ.

ಈ ಕ್ರಮ ಎರಡು ಸಾವಿರ ವರ್ಷ ಹಳೆಯದು ಅಂತ ತುಂಬಾ ಓದುಗರು ತಿಳಿದಿದ್ದಾರೆ. ಅಲ್ಲ. ಥೆಸಲೋನಿಕದವರಿಗೆ ಪೌಲ ಬರೆದ ಪತ್ರದ ಒಂದೆರಡು ವಾಕ್ಯ, ದಾನಿಯೇಲನ ಲೆಕ್ಕ, ಪ್ರಕಟನೆ ಗ್ರಂಥದ ಚಿತ್ರಗಳು, ಇವನ್ನೆಲ್ಲ ಒಂದೇ ದಾರಕ್ಕೆ ಪೋಣಿಸಿದವರು 1830ರ ದಶಕದಲ್ಲಿ ಜಾನ್ ನೆಲ್ಸನ್ ಡಾರ್ಬಿ ಮತ್ತು ಅವರ ಜೊತೆಯವರು. 1909ರ ಸ್ಕೊಫೀಲ್ಡ್ ಬೈಬಲ್ ಅದನ್ನು ಅಡಿಟಿಪ್ಪಣಿ ಮಾಡಿ ಅಮೆರಿಕದ ಮನೆಮನೆಗೆ ಮುಟ್ಟಿಸಿತು. ನಮ್ಮ ಪಕ್ಕದ ಬಳ್ಳಾರಿಯಲ್ಲಿ ಕೂತು ಜಾನ್ ಹ್ಯಾಂಡ್ಸ್ ಬೈಬಲನ್ನು ಪೂರ್ತಿಯಾಗಿ ಕನ್ನಡಕ್ಕೆ ತಂದದ್ದು 1831ರಲ್ಲಿ. ಅಂದರೆ ಕನ್ನಡ ಬೈಬಲ್ಲೂ ಈ ವೇಳಾಪಟ್ಟಿಯೂ ಹೆಚ್ಚುಕಡಿಮೆ ಓರಗೆಯವು. ಮುದಗಲ್ಲಿನ ಕ್ಯಾಥೋಲಿಕ್ ಮನೆತನಗಳು ಇವೆರಡಕ್ಕಿಂತ ಹಳೆಯವು; ಅವರ ಸಭೆಯ ಬೋಧನೆಯಲ್ಲಿ ಈ ಗುಟ್ಟಿನ ಎತ್ತುವಿಕೆಗೆ ಜಾಗವೇ ಇಲ್ಲ.

ಇರಲಿ, ಕಥೆಗೆ ಬರೋಣ. ವಿಮಾನದಲ್ಲಿ ಕೈಗೆ ಮದುವೆಯುಂಗುರವಿದ್ದ ಪೈಲಟ್ ಒಬ್ಬ ಪರಿಚಾರಿಕೆಯ ಜೊತೆ ಸರಸವಾಡುವುದನ್ನು ಕಂಡು, ಈ ಕ್ಷಣವೇ ಎತ್ತಲ್ಪಡುವಿಕೆ ಆದರೆ ಇವನ ಗತಿ ಏನು ಅಂತ ಲಹೇಗೆ ಹೊಳೆಯಿತಂತೆ. ಕಾದಂಬರಿ ಅಲ್ಲಿಂದಲೇ ಶುರು. ಅಟ್ಲಾಂಟಿಕ್ ಮೇಲೆ ನಡುರಾತ್ರಿ ಹಾರುತ್ತಿರುವ ಜಂಬೋ ಜೆಟ್, ಕ್ಯಾಪ್ಟನ್ ರೇಫರ್ಡ್ ಸ್ಟೀಲ್. ಇದ್ದಕ್ಕಿದ್ದಂತೆ ನೂರಕ್ಕೂ ಹೆಚ್ಚು ಜನ ಸೀಟಿನಲ್ಲಿಲ್ಲ. ಬಟ್ಟೆ ಇದೆ, ಬೂಟು ಇದೆ, ಮನುಷ್ಯರಿಲ್ಲ. ಗಂಡನನ್ನು ಹುಡುಕಿಕೊಡಿ ಅಂತ ಬೇಡುವ ಮುದುಕಿಯ ಹತ್ತಿರ ಅವನ ಬಟ್ಟೆ ಮಾತ್ರ ಉಳಿದಿದೆ. ಈ ಭಾಗವನ್ನು ನಾನು ರಾತ್ರಿ ಕರೆಂಟು ಹೋದಾಗ ಟಾರ್ಚು ಹಿಡಿದು ಓದಿದೆ. ಖಾಲಿ ಅಂಗಿಗಿಂತ ದೊಡ್ಡ ಭೂತವಿಲ್ಲ. ಜೆಂಕಿನ್ಸ್‌ಗೆ ಕಥೆ ಹೇಳುವ ಕಸುಬು ಗೊತ್ತಿಲ್ಲ ಅನ್ನುವ ವಿಮರ್ಶಕರು ಈ ಪುಟಗಳನ್ನು ಹಾರಿಸಿ ಓದಿರಬೇಕು.

ಮೊದಲ ಸಂಪುಟದ ಕೊನೆಯಲ್ಲಿ ಇನ್ನೊಂದು ಗಟ್ಟಿ ದೃಶ್ಯವಿದೆ. ರುಮೇನಿಯಾದಿಂದ ಬಂದು ವಿಶ್ವಸಂಸ್ಥೆಯ ಮುಖ್ಯಸ್ಥನಾಗುವ ನಿಕೊಲೇ ಕಾರ್ಪೇಥಿಯಾ ತುಂಬಿದ ಕೋಣೆಯಲ್ಲಿ ಒಂದೇ ಗುಂಡಿಗೆ ಇಬ್ಬರನ್ನು ಕೊಲ್ಲುತ್ತಾನೆ. ನೀವು ಕಂಡದ್ದು ಆತ್ಮಹತ್ಯೆ ಅಂತ ಶಾಂತವಾಗಿ ಹೇಳುತ್ತಾನೆ. ಎಲ್ಲರಿಗೂ ಅದೇ ನೆನಪು ನಿಲ್ಲುತ್ತದೆ. ನಿಜ ನೆನಪಿರುವುದು ಆಗಷ್ಟೇ ಪ್ರಾರ್ಥನೆ ಮಾಡಿ ಒಳಬಂದ ಪತ್ರಕರ್ತ ಬಕ್ ವಿಲಿಯಮ್ಸ್‌ಗೆ ಮಾತ್ರ. ಕಂಡದ್ದನ್ನು ಕಂಡಿಲ್ಲ ಅನಿಸುವ ಆಳುವವರ ವಿದ್ಯೆ ಯಾವ ದೇಶದ ಓದುಗನಿಗೆ ಗೊತ್ತಿಲ್ಲ?

ಆಮೇಲೆ ಕಾದಂಬರಿ ಪಾಠವಾಗುತ್ತದೆ. ಎತ್ತಲ್ಪಡದೆ ಹಿಂದೆ ಉಳಿದ ಪಾದ್ರಿ ಬ್ರೂಸ್ ಬಾರ್ನ್ಸ್ ಮುಂದಾಗುವುದನ್ನೆಲ್ಲ ಮೊದಲೇ ಪಟ್ಟಿ ಮಾಡಿ ಹೇಳುತ್ತಾನೆ, ಅದು ಹಾಗೆಯೇ ಆಗುತ್ತದೆ. ಪ್ರಕಟನೆಯಲ್ಲಿ ಬರೆದಂತೆಯೇ ಮುದ್ರೆ ಒಡೆಯುತ್ತದೆ, ತುತ್ತೂರಿ ಮೊಳಗುತ್ತದೆ, ಪಾತ್ರೆ ಸುರಿಯುತ್ತದೆ. ಭೂಕಂಪ ಬಂದರೆ ನಾಯಕರು ಬೆಚ್ಚುವುದಿಲ್ಲ, ಪಟ್ಟಿಯಲ್ಲಿ ಟಿಕ್ ಹಾಕುತ್ತಾರೆ. ರೋಚಕ ಕಾದಂಬರಿಗೆ ಇದಕ್ಕಿಂತ ದೊಡ್ಡ ಕೇಡು ಇನ್ನೊಂದಿಲ್ಲ.

ನಮ್ಮ ಸೀಮೆಯವರಿಗೆ ಈ ಕೊರತೆ ಬೇಗ ಕಣ್ಣಿಗೆ ಬೀಳುವುದಕ್ಕೆ ಕಾರಣವಿದೆ. ನಾವು ಕಾಲಜ್ಞಾನದ ನೆಲದವರು. ನಾರಾಯಣಪುರದ ಅಣೆಕಟ್ಟು ದಾಟಿದರೆ ಕೊಡೇಕಲ್. ಅಲ್ಲಿನ ಬಸವಣ್ಣನ ಕಾಲಜ್ಞಾನವನ್ನು ಅಮರಗನ್ನಡವೆಂಬ ಗುಟ್ಟಿನ ಲಿಪಿಯಲ್ಲಿ ಬರೆದಿಟ್ಟರು, ಎಲ್ಲರಿಗೂ ಓದಲು ಬಾರದಿರಲಿ ಅಂತ. ಕ್ಯಾಂಪಿನ ತೆಲುಗರು ಪೋತುಲೂರಿ ವೀರಬ್ರಹ್ಮಂ ಅವರ ಕಾಲಜ್ಞಾನವನ್ನು ಜೊತೆಗೇ ತಂದರು. ಇನ್ನು ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲೇರಿ 'ಸದ್ದಲೇ' ಅಂದಾಗ ಲಕ್ಷಾಂತರ ಜನ ಉಸಿರು ಬಿಗಿಹಿಡಿಯುತ್ತಾರೆ. ಅವನು ಹೇಳುವ ಕಾರಣಿಕ ಒಂದೇ ಒಂದು ಮಾತು. ಹೇಳಿ ಕೆಳಕ್ಕೆ ಬೀಳುತ್ತಾನೆ. ಬಂಡಿ ಹೂಡುವ ಹೊತ್ತಿಗೆ ಆ ಒಂದು ಮಾತಿನ ಮೇಲೆ ನೂರು ಜಗಳ: ಒಬ್ಬ ಮಳೆ ಅಂತಾನೆ, ಇನ್ನೊಬ್ಬ ಜೋಳದ ರೇಟು ಅಂತಾನೆ, ಮತ್ತೊಬ್ಬ ಮುಖ್ಯಮಂತ್ರಿಯ ಕುರ್ಚಿ ಅಂತಾನೆ. ಅರ್ಥ ಮಾಡುವ ಅರ್ಧ ಕೆಲಸ ಕೇಳಿದವನ ಪಾಲಿನದು. ಈ ಕಾರಣಿಕವನ್ನು ನಂಬದ ನಾನು ಕೂಡ ವರ್ಷವರ್ಷ ಅದು ಏನು ಅಂತ ಫೋನು ಮಾಡಿ ಕೇಳುತ್ತೇನೆ. ಅಲ್ಲಿ ಒಂದು ಮಾತು ಮಾಡುವ ಕೆಲಸವನ್ನು ಇಲ್ಲಿ ಹದಿನಾರು ಸಂಪುಟ ಸೇರಿ ಮಾಡಲಾರವು, ಏಕೆಂದರೆ ಓದುಗನಿಗೆ ಬಿಡಿಸಲು ಒಂದು ಗಂಟನ್ನೂ ಅವು ಉಳಿಸಿಲ್ಲ.

ಸಿಂಧನೂರಿನವನಿಗೆ ಮಾತ್ರ ಎಡವುವ ಕಲ್ಲು ಇನ್ನೊಂದಿದೆ. ಇಸ್ರೇಲಿನ ವಿಜ್ಞಾನಿ ಕೈಮ್ ರೋಸೆನ್‌ಜ್ವೈಗ್ ಒಂದು ಗೊಬ್ಬರದ ಸೂತ್ರ ಕಂಡುಹಿಡಿಯುತ್ತಾನೆ. ಮರಳುಗಾಡು ಹಸಿರಾಗುತ್ತದೆ, ದೇಶ ಶ್ರೀಮಂತವಾಗುತ್ತದೆ, ಆ ಸೂತ್ರಕ್ಕಾಗಿ ರಷ್ಯಾ ದಾಳಿ ಮಾಡುತ್ತದೆ. ಬೇರೆ ಓದುಗರು ಆ ದಾಳಿಯ ಬಗ್ಗೆ ಮಾತಾಡುತ್ತಾರೆ. ನನಗೆ ಗೊಬ್ಬರದ ಮೇಲೇ ಕಣ್ಣು. ಒಣ ಎರೆಭೂಮಿಗೆ ತುಂಗಭದ್ರೆಯ ಎಡದಂಡೆ ಕಾಲುವೆ ಬಂದು ಭತ್ತದ ಕಣಜವಾದ ಊರು ನಮ್ಮದು. ಹಸಿರಿನ ಹಿಂದೆಯೇ ಸವುಳು-ಜವುಳು ಬಂದದ್ದನ್ನೂ ನೋಡಿದ್ದೇವೆ. ಆ ಮರಳಿಗೆ ನೀರು ಎಲ್ಲಿಂದ ಬಂತು, ಬಸಿದು ಎಲ್ಲಿಗೆ ಹೋಯಿತು, ಕಾಲುವೆಯ ಕೊನೆಯ ಹೊಲದವನಿಗೆ ಎಷ್ಟು ಮುಟ್ಟಿತು? ಕಾದಂಬರಿಗೆ ಈ ಗೊಡವೆ ಬೇಕಿಲ್ಲ. ಆಕಾಶದ ಪವಾಡಕ್ಕೆ ಪುಟಗಟ್ಟಲೆ ವಿವರಣೆ, ನೆಲದ ಪವಾಡಕ್ಕೆ ಎರಡು ಸಾಲು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟು ಚೈನ್ ಕಡಿದು ಕೊಚ್ಚಿಹೋದಾಗ ನಮ್ಮಲ್ಲೂ ಅಂತ್ಯಕಾಲದ ಮಾತು ಬಂತು. ನಾಟಿ ಮಾಡಿದವರು, ಮಾಡಬೇಕೆಂದಿದ್ದವರು ಎಲ್ಲ ಫೋನು ಹಿಡಿದು ಕೂತರು. ಒಂದು ವಾರದಲ್ಲಿ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ನೀರು ನಿಲ್ಲಿಸಿದರು. ಆ ಇಳಿವಯಸ್ಸಿನ ಎಂಜಿನಿಯರ್‌ನಂಥ ಪಾತ್ರ ಲಹೇ-ಜೆಂಕಿನ್ಸ್ ಜಗತ್ತಿನಲ್ಲಿ ಹುಟ್ಟುವುದು ಸಾಧ್ಯವಿಲ್ಲ. ಅಲ್ಲಿ ಬಚ್ಚಿಟ್ಟುಕೊಳ್ಳಬಹುದು, ತಪ್ಪಿಸಿಕೊಳ್ಳಬಹುದು, ಸಾಕ್ಷಿ ಹೇಳಬಹುದು. ಕೆಟ್ಟದ್ದನ್ನು ರಿಪೇರಿ ಮಾಡುವ ಹಾಗಿಲ್ಲ, ಕೆಡಲೇಬೇಕೆಂದು ಬರೆದಾಗಿದೆ.

ಲುಥೆರನ್ ವಿದ್ವಾಂಸೆ ಬಾರ್ಬರಾ ರಾಸಿಂಗ್ 2004ರ ತಮ್ಮ ಪುಸ್ತಕದಲ್ಲಿ ಈ ದೈವಶಾಸ್ತ್ರವನ್ನು ಬಿಡಿಬಿಡಿಯಾಗಿ ಹರಿದಿಟ್ಟರು. ಅದೇ ವರ್ಷ ಪತ್ರಕರ್ತ ನಿಕೊಲಸ್ ಕ್ರಿಸ್ಟಾಫ್, ಹನ್ನೆರಡನೆಯ ಸಂಪುಟದಲ್ಲಿ ಮರಳಿ ಬರುವ ಕ್ರಿಸ್ತ ನಂಬದವರನ್ನು ರಾಶಿರಾಶಿಯಾಗಿ ಅಳಿಸುವುದನ್ನು ಎತ್ತಿ, ಬೇರೆ ಧರ್ಮದವರು ಇಂಥದ್ದು ಬರೆದಿದ್ದರೆ ಅಮೆರಿಕನ್ನರು ಸುಮ್ಮನಿರುತ್ತಿದ್ದರೇ ಅಂತ ಕೇಳಿದರು. ಸರಿಯಾದ ಪ್ರಶ್ನೆ. ಆ ಸಂಪುಟವನ್ನು ನಾನು ಸಮರ್ಥಿಸಲಾರೆ. ಆದರೆ ಇವರಿಬ್ಬರೂ ಪುಸ್ತಕವನ್ನು ಓದಿದರು, ಓದುಗರನ್ನಲ್ಲ. ಓದುಗರನ್ನು ಓದಿದವರು ಏಮಿ ಜಾನ್ಸನ್ ಫ್ರಿಕ್‌ಹೋಮ್. ಅವರನ್ನು ಮಾತಾಡಿಸಿ, 2004ರಲ್ಲೇ 'ರ‍್ಯಾಪ್ಚರ್ ಕಲ್ಚರ್' ಬರೆದರು. ಅವರು ಕಂಡದ್ದು ಕುರುಡು ನಂಬಿಕೆಯವರ ಮಂದೆಯಲ್ಲ. ಒಬ್ಬರಿಗೆ ತಾಯಿ ಕೊಟ್ಟಿದ್ದಾರೆ, ಇನ್ನೊಬ್ಬರಿಗೆ ನೆರೆಮನೆಯವರು. ಕೆಲವರು ಒಪ್ಪದೆ ಓದಿದ್ದಾರೆ, ಕೆಲವರು ಮುಂದಿನದಕ್ಕೆ ಕಾದಿದ್ದಾರೆ, ಕೆಲವರು ಕೊಟ್ಟವರ ಮನಸ್ಸು ನೋಯಬಾರದೆಂದು ಓದಿದ್ದಾರೆ. ಕೈಯಿಂದ ಕೈಗೆ ಹೋಗುವುದೇ ಆ ಪುಸ್ತಕದ ಜೀವ.

ನನ್ನ ಪ್ರತಿಯ ಮೂರು ಸಹಿಗಳ ಅರ್ಥ ಆಗ ಹತ್ತಿತು. ವಾಪಸ್ ಕೊಡಲು ಹೋದಾಗ ಮೇಷ್ಟರು ಚಹಾ ತರಿಸಿದರು. ಯಾವ ಕಡೆ ಅಂತ ಮತ್ತೆ ಕೇಳಲಿಲ್ಲ. ವಿಮಾನದ ಭಾಗ ನಿದ್ದೆ ಕೆಡಿಸಿತು ಅಂದೆ, ಖುಷಿಪಟ್ಟರು. ಉಳಿದ ಸಂಪುಟಗಳೂ ನಿಮ್ಮಲ್ಲಿವೆಯೇ ಅಂತ ಕೇಳಿದೆ. ಕಪಾಟಿನಲ್ಲಿ ಸಾಲಾಗಿ ಜೋಡಿಸಿದ್ದನ್ನು ತೋರಿಸಿದರು. ಐದರವರೆಗೆ ಬೆನ್ನು ಮುದುಡಿದ್ದವು, ಆರನೆಯದರಿಂದ ಅಂಗಡಿಯಿಂದ ತಂದ ಹಾಗೇ ಇದ್ದವು.

"ಮುಂದಿನವು ಓದಿಲ್ಲೇನ್ರಿ?"

"ಇಲ್ರಿ ಸರ," ಅಂದರು ಚಹಾದ ಕಪ್ಪು ಕೆಳಗಿಡುತ್ತ. "ಮುಂದೇನು ಅಂತ ಎಲ್ಲಾ ಗೊತ್ತೇ ಇತ್ತಲ್ರಿ."