ಫುಟ್‌ಪಾತಿನ ಬಾಳು: ಒಂದು ತೀರ್ಪಿನ ವಿಮರ್ಶೆ

ಓಲ್ಗಾ ಟೆಲಿಸ್ ಮತ್ತು ಮುಂಬಯಿ ನಗರಪಾಲಿಕೆಯ ನಡುವಣ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು 1985ರ ಜುಲೈ 10ರಂದು ನೀಡಿದ ತೀರ್ಪು, ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಅಡಕವಾಗಿದೆಯೆಂದು ಸಾರಿ ಪ್ರಖ್ಯಾತವಾಯಿತು. ಆ ಕೀರ್ತಿಗೆ ಅದು ಅರ್ಹವೇ ಸರಿ. ಆದರೆ ಹೊಗಳುವವರಲ್ಲಿ ಅನೇಕರು ಅದನ್ನು ಕೊನೆಯವರೆಗೆ ಓದಿದಂತೆ ತೋರುವುದಿಲ್ಲ.

1981ರ ಜುಲೈ 13ರಂದು, ಮಳೆಗಾಲದ ನಡುವೆ, ಮುಖ್ಯಮಂತ್ರಿ ಎ. ಆರ್. ಅಂತುಳೆಯವರು ಫುಟ್‌ಪಾತ್ ನಿವಾಸಿಗಳನ್ನು ಅವರವರ ಊರುಗಳಿಗೋ ನಗರದ ಹೊರಗೋ ಸಾಗಿಸಲಾಗುವುದೆಂದು ಘೋಷಿಸಿದರು. ಅದರ ವಿರುದ್ಧ ಮೊರೆಹೊಕ್ಕವರ ವೃತ್ತಾಂತವನ್ನು ಮುಖ್ಯ ನ್ಯಾಯಾಧೀಶ ವೈ. ವಿ. ಚಂದ್ರಚೂಡರು ನಿರೂಪಿಸಿರುವ ಭಾಗವನ್ನು ಕಥೆಗಾರನೂ ಮೆಚ್ಚಬೇಕು. ಬರದಿಂದ ಕೂಲಿ ತಪ್ಪಿ 1961ರಲ್ಲಿ ಸೇಲಂನಿಂದ ಬಂದವನೊಬ್ಬ: ದಹಿಸರದ ಕಾರಖಾನೆಯಲ್ಲಿ ಅವನ ದಿನಗೂಲಿ 23 ರೂಪಾಯಿ, ಹೆದ್ದಾರಿಯಂಚಿನ ಪ್ಲಾಸ್ಟಿಕ್ ಸೂರಿಗಾಗಿ ಅವನಿಂದ ಸುಲಿದದ್ದು 2,500. ಇನ್ನೊಬ್ಬ ಸಂಗಮನೇರದಲ್ಲಿ ಚಪ್ಪಲಿ ಹೊಲಿಯುತ್ತಿದ್ದವನು. ತುಳಸಿವಾಡಿಯ ಫುಟ್‌ಪಾತಿಗೆ ಗೂಂಡಾನಿಗೆ 300, ಬಿದಿರು ಪ್ಲಾಸ್ಟಿಕ್ಕುಗಳಿಗೆ 700 ತೆತ್ತವನು. ಬಡವನ ವಾಸ ಪುಕ್ಕಟೆಯೆಂಬ ನಮ್ಮ ಭ್ರಮೆ ಇಲ್ಲಿಗೆ ಹರಿಯಬೇಕು.

ಈ ಎರಡನೆಯವನು ಮುಂಬಯಿಯಲ್ಲಿ ಬದಲಿ ಕಾಮಗಾರ. ಬದಲಿ ಎಂದರೆ ಖಾಯಂ ಕೆಲಸಗಾರ ಬಾರದ ದಿನ ಕೆಲಸ ದೊರೆಯುವವನು. ಪಾಳಿ ಆರಂಭವಾಗುವ ಹೊತ್ತಿಗೆ ಬಾಗಿಲಲ್ಲಿ ನಿಂತಿರಲೇಬೇಕು. ರೈಲಿನ ಖರ್ಚನ್ನೂ ವೇಳೆಯನ್ನೂ ಭರಿಸಲಾರದೆಯೇ ಇಂಥವರು ಕೆಲಸದ ಸಮೀಪ ನೆಲೆಸುತ್ತಾರೆಂದು ನ್ಯಾಯಾಲಯವೇ ಒಪ್ಪಿದೆ. (ದುಡಿದ ಹೋಟೆಲಿನಲ್ಲಿಯೇ ಮಲಗಿ ರಾತ್ರಿಶಾಲೆ ಕಲಿತ ನಮ್ಮ ಮಾಣಿಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ.)

ಇಷ್ಟನ್ನು ಕಂಡ ತೀರ್ಪು, ಪರಿಹಾರದ ಮಾತಿಗೆ ಬಂದೊಡನೆ ಕಂಡುದನ್ನು ಮರೆಯುತ್ತದೆ. ಫುಟ್‌ಪಾತನ್ನು ಆಕ್ರಮಿಸುವ ಹಕ್ಕು ಯಾರಿಗೂ ಇಲ್ಲ. ಸಾಮಾನ್ಯವಾಗಿ ನೋಟೀಸು ಕೊಟ್ಟು ತೆರವು ಮಾಡಿಸಬಹುದು. ಆಯುಕ್ತರು ಕೇಳದೆ ಬಿಟ್ಟ ಅಹವಾಲನ್ನು ತಾನೇ ಕೇಳಿಯಾಯಿತೆಂದು ನ್ಯಾಯಾಲಯ ಸಮಾಧಾನಪಟ್ಟಿತು. ದೊರೆತ ಅವಧಿ ಅಕ್ಟೋಬರ್ 31ರ ವರೆಗೆ. 1976ರ ಗಣತಿಯ ಗುರುತಿನ ಚೀಟಿಯುಳ್ಳವರಿಗೆ ಮಾಲವಣಿಯಲ್ಲೋ ಬೇರೆ ಅನುಕೂಲ ಸ್ಥಳದಲ್ಲೋ ಜಾಗ ಕೊಡಬೇಕು. ಅದೂ ತೆರವಿಗೆ ಪೂರ್ವಷರತ್ತಲ್ಲ! ಮಾಲವಣಿ ಇರುವುದು ಮಾಲಾಡದ ಪಶ್ಚಿಮಕ್ಕೆ, ಕಡಲ ಕಡೆ. ತಾಡದೇವದ ಬಳಿಯ ತುಳಸಿವಾಡಿಯ ಬದಲಿ ಕಾಮಗಾರ ಅಲ್ಲಿಂದ ಹೊತ್ತಾರೆಯ ಪಾಳಿಗೆ ಬರುವ ಬಗೆ ಹೇಗೆ?

ಈ ಮರೆವು ನ್ಯಾಯಾಲಯವೊಂದರದೇ ಅಲ್ಲ. 1972ರಲ್ಲಿ ಸೆನೆಗಲ್‌ನ ಡಕಾರ್‌ನಿಂದ ಮೊದಲ್ಗೊಂಡು ವಿಶ್ವಬ್ಯಾಂಕು ಹಿಂದುಳಿದ ದೇಶಗಳಲ್ಲಿ ಹರಡಿದ ನಿವೇಶನ ಯೋಜನೆಗಳು ಬಹುಮಟ್ಟಿಗೆ ಅಗ್ಗದ ನೆಲವನ್ನರಸಿ ನಗರದ ಅಂಚಿಗೆ ಸರಿದವು. 1995ರ ಝೋಪಡಪಟ್ಟಿ ಪುನರ್ವಸತಿ ಯೋಜನೆ 225 ಚದರಡಿಯ ಮನೆಯನ್ನು ಇದ್ದಲ್ಲಿಯೇ ಕಟ್ಟಿಕೊಡಲು ಹೊರಟಿತು. ಆ ಮಟ್ಟಿಗೆ ಅದು ಮೇಲು. ಆದರೆ ತಾನ್ಸಾ ನೀರುಕೊಳವೆಯ ಬದಿಯಿಂದ ಎಬ್ಬಿಸಿದ ಕುಟುಂಬಗಳನ್ನು ಕಳುಹಿಸಿದ್ದು ಎಣ್ಣೆ ಶುದ್ಧೀಕರಣ ಕಾರಖಾನೆಗಳ ಮಗ್ಗುಲಿನ ಮಾಹುಲಕ್ಕೆ. ಅಲ್ಲಿ ವಾಸಿಸುವಂತೆ ಅವರನ್ನು ಒತ್ತಾಯಿಸಲಾಗದೆಂದು 2019ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವೇ ಹೇಳಬೇಕಾಯಿತು.