ಹಳಿ ಉಜ್ಜಿದ ಮಾತ್ರಕ್ಕೆ ರೈಲು ಓಡದು

ಮಾದರಿ ರೈಲಿನ ಹವ್ಯಾಸಿಗಳು ಪ್ರಶ್ನಿಸದೆ ಒಪ್ಪಿಕೊಂಡ ಮಾತೊಂದಿದೆ: ಎಂಜಿನ್ ತಡವರಿಸಿದರೆ ಹಳಿ ಕೊಳೆಯಾಗಿದೆ ಎಂದರ್ಥ, ಕೊಳೆಯಾದ ಹಳಿಯನ್ನು ಉಜ್ಜಬೇಕು. ಅದಕ್ಕೆಂದೇ ಒರಟು ಪುಡಿ ಬೆರೆಸಿದ ರಬ್ಬರ್ ತುಂಡು ಅವರ ಪೆಟ್ಟಿಗೆಯಲ್ಲಿ ಸದಾ ಇರುತ್ತದೆ. ಹೊಸಬರಿಗೆ ಹಿರಿಯರು ಹೇಳಿಕೊಡುವ ಮೊದಲ ಪಾಠವೂ ಅದೇ. ಆ ಪಾಠ ತಪ್ಪು ಜಾಗದಿಂದ ಶುರುವಾಗುತ್ತದೆ ಎಂಬುದು ನನ್ನ ವಾದ. ಹಳಿಯ ಕೊಳೆಯಲ್ಲಿ ದೊಡ್ಡ ಪಾಲು ರೈಲೇ ತಯಾರಿಸಿದ್ದು. ಅದು ಹುಟ್ಟುವ ಕಾರಣ ಬಿಟ್ಟು ಹಳಿಯನ್ನಷ್ಟೇ ತಿಕ್ಕುತ್ತ ಕೂತರೆ ಆ ಕೆಲಸಕ್ಕೆ ಕೊನೆಯೇ ಇಲ್ಲ.

ಎಚ್‌ಓ ಅಳತೆಯನ್ನೇ ತೆಗೆದುಕೊಳ್ಳೋಣ. ಇಲ್ಲಿ ಎಂಜಿನ್ ನಿಜವಾದದ್ದರ 87ರಲ್ಲಿ ಒಂದು ಪಾಲು. ಎರಡು ಹಳಿಗಳ ನಡುವೆ 16.5 ಮಿ.ಮೀ. ಅಂತರ. ವಿದ್ಯುತ್ತು ಒಂದು ಹಳಿಯಿಂದ ಗಾಲಿಗೆ ಹತ್ತಿ, ಮೋಟರನ್ನು ಹಾದು, ಎದುರಿನ ಗಾಲಿಯಿಂದ ಇನ್ನೊಂದು ಹಳಿಗೆ ಇಳಿಯುತ್ತದೆ. ಎಂಜಿನ್ನಿನ ತೂಕವೋ ಕೆಲವು ನೂರು ಗ್ರಾಂ ಅಷ್ಟೆ. ಅಷ್ಟು ಹಗುರದ ಗಾಲಿ ಹಳಿಯನ್ನು ನಿಜಕ್ಕೂ ಮುಟ್ಟುವುದು ಕಣ್ಣಿಗೆ ಕಾಣದಷ್ಟು ಸಣ್ಣ ಚುಕ್ಕೆಗಳಲ್ಲಿ. ಉರುಳುವಾಗ ಆ ಸಂಪರ್ಕ ತಪ್ಪುತ್ತಲೂ ಕೂಡುತ್ತಲೂ ಇರುತ್ತದೆ, ನಡುವೆ ಪುಟ್ಟ ಕಿಡಿಗಳು ಹಾರುತ್ತವೆ. ಕಿಡಿಯ ಕಾವಿಗೆ ಲೋಹ ಆಕ್ಸೈಡ್ ಆಗುತ್ತದೆ, ಗೇರಿನಿಂದ ಜಿನುಗಿದ ಎಣ್ಣೆ ಸುಡುತ್ತದೆ. ಕೋಣೆಯ ದೂಳೂ ಪ್ಲಾಸ್ಟಿಕ್ ಗಾಲಿಗಳು ಹೊತ್ತು ತಿರುಗುವ ಜಿಡ್ಡೂ ಅದಕ್ಕೆ ಸೇರಿ ಕಪ್ಪು ಪದರ ಕಟ್ಟುತ್ತದೆ.

ಆ ಪದರ ಹೆಚ್ಚು ದಪ್ಪವಾಗಿ ಕೂರುವುದು ಗಾಲಿಯ ಮೇಲೆ. ಲೆಕ್ಕ ಸರಳ. 11 ಮಿ.ಮೀ. ವ್ಯಾಸದ ಗಾಲಿಯ ಸುತ್ತಳತೆ ಸುಮಾರು 35 ಮಿ.ಮೀ. ಹತ್ತು ಮೀಟರ್ ಉದ್ದದ ಹಳಿಯನ್ನು ರೈಲು ಒಂದು ಸುತ್ತು ಹಾಕಿದರೆ, ಹಳಿಯ ಒಂದೊಂದು ಬಿಂದುವಿನ ಮೇಲೂ ಆ ಗಾಲಿ ಹಾಯುವುದು ಒಂದೇ ಸಲ. ಗಾಲಿಯ ಒಂದೊಂದು ಬಿಂದುವಾದರೋ ಹಳಿಯನ್ನು 280ಕ್ಕೂ ಹೆಚ್ಚು ಸಲ ಮುಟ್ಟಿರುತ್ತದೆ. ಇಂಥ ಗಾಲಿಯನ್ನು ಹಾಗೇ ಬಿಟ್ಟು ಹಳಿಯನ್ನು ಹೊಳೆಯಿಸಿದರೆ, ಗಾಲಿ ತನ್ನ ಮಸಿಯನ್ನು ಮತ್ತೆ ಅದೇ ಹಳಿಗೆ ಬಳಿಯುತ್ತದೆ.

ಉಜ್ಜುವ ಪಕ್ಷದವರು ತೋರಿಸುವ ಸಾಕ್ಷಿ ಒಂದೇ: ನೋಡಿ, ಎಷ್ಟು ಕಪ್ಪು ಬಂತು! ಈ ಸಾಕ್ಷಿ ನಿಲ್ಲುವುದಿಲ್ಲ. ಇಂದಿನ ಹಳಿಗಳಲ್ಲಿ ಹೆಚ್ಚಿನವು ತಾಮ್ರ, ನಿಕಲ್, ಸತು ಬೆರೆತ ನಿಕಲ್ ಸಿಲ್ವರ್ ಲೋಹದವು. ಅದನ್ನು ಒರಟು ವಸ್ತುವಿನಿಂದ ಉಜ್ಜಿದರೆ ಲೋಹವೇ ಸವೆದು ಬರುತ್ತದೆ. ಅತಿ ಸಣ್ಣ ಲೋಹದ ಕಣಗಳು ಕಪ್ಪಾಗಿಯೇ ಕಾಣುತ್ತವೆ. ಈಗಷ್ಟೇ ಶುಚಿಗೊಳಿಸಿದ ಹಳಿಯನ್ನು ಇನ್ನೊಮ್ಮೆ ಉಜ್ಜಿ, ಆಗಲೂ ಕಪ್ಪು ಬರುತ್ತದೆ. ಎಷ್ಟು ಕೊಳೆ ಹೋಯಿತು, ಎಷ್ಟು ಹಳಿ ಹೋಯಿತು ಎಂಬುದನ್ನು ಆ ಕಪ್ಪು ಹೇಳುವುದಿಲ್ಲ. ಉಜ್ಜಿದ ಕಡೆಯೆಲ್ಲ ಉಳಿಯುವ ಗೀರುಗಳು ಮುಂದಿನ ಜಿಡ್ಡಿಗೆ ತಾವು ಕೊಡುತ್ತವೆ.

ಉಜ್ಜುವುದೇ ಕೂಡದು ಎಂದು ನಾನು ಹೇಳುವುದಿಲ್ಲ. ಜಲ್ಲಿ ಅಂಟಿಸಿದಾಗ ಹಳಿಯ ಮೇಲೆ ಒಣಗಿದ ಗೋಂದು, ಸಿಡಿದ ಬಣ್ಣ, ವರ್ಷಗಟ್ಟಲೆ ಮೂಲೆಯಲ್ಲಿದ್ದ ಹಳೆಯ ಹಿತ್ತಾಳೆ ಹಳಿಯ ಕಿಲುಬು, ಇವೆಲ್ಲ ಬಟ್ಟೆಗೆ ಜಗ್ಗುವುದಿಲ್ಲ. ಆಗ ಉಜ್ಜಲೇಬೇಕು, ಒರಟಿನಿಂದ ನಯಕ್ಕೆ ಬರುತ್ತ, ಕೊನೆಗೆ ನುಣುಪಾದ ಸ್ಟೀಲ್ ವಾಷರಿನಿಂದ ತೀಡಿ ಗೀರುಗಳನ್ನು ನಯಗೊಳಿಸಬೇಕು. ಉಕ್ಕಿನ ನಾರನ್ನು ಮಾತ್ರ ಹಳಿಯ ಹತ್ತಿರ ತರಬಾರದು. ಅದರ ಎಳೆಗಳು ಮೋಟರಿನ ಅಯಸ್ಕಾಂತಕ್ಕೆ ಅಂಟಿ ಎಂಜಿನ್ನನ್ನೇ ಕೆಡಿಸುತ್ತವೆ.

ಎಂಜಿನ್ ನಿಂತ ಕೂಡಲೇ ರಬ್ಬರಿಗೆ ಕೈ ಹಾಕುವುದರಿಂದ ಆಗುವ ದೊಡ್ಡ ನಷ್ಟವೆಂದರೆ ಪತ್ತೆಯ ಕೆಲಸವೇ ತಪ್ಪಿಹೋಗುವುದು. ಎಲ್ಲ ಎಂಜಿನ್‌ಗಳೂ ಒಂದೇ ಜಾಗದಲ್ಲಿ ನಿಂತರೆ ಹಳಿಯ ತುಂಡುಗಳನ್ನು ಕೂಡಿಸುವ ಜಾಯಿನರ್ ಸಡಿಲವಾಗಿರುವುದನ್ನೋ ಬಿಟ್ಟುಹೋದ ಬೆಸುಗೆಯನ್ನೋ ಹುಡುಕಬೇಕು. ಮಲ್ಟಿಮೀಟರ್ ಹಿಡಿದರೆ ಅದು ಸಿಗುತ್ತದೆ. ಒಂದೇ ಎಂಜಿನ್ ಎಲ್ಲೆಡೆ ತಡವರಿಸಿದರೆ ಅದರ ಗಾಲಿಯಲ್ಲೋ, ಗಾಲಿಯಿಂದ ವಿದ್ಯುತ್ ಎತ್ತುವ ತಗಡಿನಲ್ಲೋ ದೋಷ. ಹಳಿ ಕವಲೊಡೆಯುವ ಪಾಯಿಂಟಿನಲ್ಲಿ, ಹಳಿಗಳು ಒಂದನ್ನೊಂದು ದಾಟುವ ಪ್ಲಾಸ್ಟಿಕ್ ಫ್ರಾಗಿನ ಮೇಲೆ ಚಿಕ್ಕ ಎಂಜಿನ್ ನಿಂತರೆ ಅಲ್ಲಿ ವಿದ್ಯುತ್ತೇ ಇಲ್ಲ. ಎಷ್ಟು ಉಜ್ಜಿದರೂ ಬರುವುದಿಲ್ಲ. ಎಲ್ಲ ಎಂಜಿನ್‌ಗಳೂ ಎಲ್ಲೆಡೆ ತಡವರಿಸಿದಾಗ ಮಾತ್ರ ಹಳಿಯ ಮೇಲ್ಮೈಯನ್ನು ಅನುಮಾನಿಸುವುದು ಸರಿ.

ಹಳಿ ಒರೆಸುವ ದ್ರಾವಕದ ಬಗ್ಗೆ ಇತ್ತೀಚೆಗೆ ಅಮೆರಿಕದ ಹವ್ಯಾಸಿಗಳಲ್ಲಿ ಇನ್ನೊಂದು ನಂಬಿಕೆ ಹಬ್ಬಿದೆ. ಐಸೋಪ್ರೊಪೈಲ್ ಆಲ್ಕೋಹಾಲಿನ ಡೈಎಲೆಕ್ಟ್ರಿಕ್ ಸ್ಥಿರಾಂಕ ಸುಮಾರು 18, ಸೀಮೆಎಣ್ಣೆಯದು ಸುಮಾರು 2. ಸ್ಥಿರಾಂಕ ಕಡಿಮೆಯಿದ್ದಷ್ಟೂ ದ್ರಾವಕ ಒಳ್ಳೆಯದು ಎಂಬ ವಾದ. ತೀರ್ಮಾನ ಬಹುಮಟ್ಟಿಗೆ ಸರಿ, ಕೊಡುವ ಕಾರಣ ಅರೆಬರೆ. ಪೂರ್ತಿ ಆವಿಯಾಗುವ ದ್ರವದ ಸ್ಥಿರಾಂಕ ಹಳಿಯ ಮೇಲೆ ಉಳಿಯುವುದಿಲ್ಲ. ಎಣ್ಣೆಜಿಡ್ಡನ್ನು ಎಣ್ಣೆಯ ಜಾತಿಯ ದ್ರಾವಕವೇ ಚೆನ್ನಾಗಿ ಕರಗಿಸುತ್ತದೆ ಎಂಬುದು ಮುಖ್ಯ. ಪೇಂಟ್ ಅಂಗಡಿಯ ಮಿನರಲ್ ಟರ್ಪೆಂಟೈನನ್ನು ಬಟ್ಟೆಗೆ ಸ್ವಲ್ಪವೇ ಹಾಕಿ ಒರೆಸಿದರೆ ಸಾಕು. ಆದರೆ ಅದು ಹೊತ್ತಿಕೊಳ್ಳುವ ದ್ರವ. ಕಿಟಕಿ ತೆರೆದು, ವಿದ್ಯುತ್ ಆರಿಸಿ ಒರೆಸಬೇಕು. ಪೂರ್ತಿ ಒಣಗುವ ತನಕ ರೈಲು ಓಡಿಸಬಾರದು.

ಹಳಿಯ ಹೊಳಪಿಗಿಂತ ಸಂಪರ್ಕದ ವಿನ್ಯಾಸ ದೊಡ್ಡದು ಎಂಬುದಕ್ಕೆ ಜರ್ಮನಿಯ ಮಾರ್ಕ್ಲಿನ್ ಪದ್ಧತಿ ಒಳ್ಳೆಯ ಪುರಾವೆ. ಅದರಲ್ಲಿ ಎರಡೂ ಹಳಿಗಳು ಒಂದೇ ಧ್ರುವ, ಆದ್ದರಿಂದ ಯಾವ ಬದಿಯ ಗಾಲಿ ಮುಟ್ಟಿದರೂ ಸಾಕು. ಇನ್ನೊಂದು ಧ್ರುವ ಹಳಿಗಳ ನಡುವಿನ ಮೊಳೆಸಾಲಿನಲ್ಲಿದೆ. ಎಂಜಿನ್ ಕೆಳಗಿನ ಉದ್ದ ಪಟ್ಟಿ ಅದನ್ನು ಸವರುತ್ತ, ತಾನೇ ಒರೆಸುತ್ತ ಸಾಗುತ್ತದೆ. ಎರಡು ಹಳಿಯ ಪದ್ಧತಿಯವರೂ ಈ ತತ್ವವನ್ನು ಅಳವಡಿಸಿಕೊಳ್ಳಬಹುದು: ಹೆಚ್ಚು ಗಾಲಿಗಳಿಂದ ವಿದ್ಯುತ್ ಎತ್ತುವುದು, ಹಳಿಯ ಪ್ರತಿ ತುಂಡಿಗೂ ತಂತಿ ಬೆಸೆಯುವುದು, ಬೋಗಿಗಳಿಗೆ ಲೋಹದ ಗಾಲಿ ಹಾಕುವುದು. ಡಿಜಿಟಲ್ ಎಂಜಿನ್‌ಗಳಲ್ಲಿ ಕ್ಷಣಮಾತ್ರ ವಿದ್ಯುತ್ ತಪ್ಪಿದರೂ ಆದೇಶ ಓದುವ ಡಿಕೋಡರ್ ಮೊದಲಿಂದ ಶುರುವಾಗಬಹುದು. ಅಲ್ಲಿ ಒಂದು ಕೆಪಾಸಿಟರ್ ಕೂರಿಸಿದರೆ ಆ ಕ್ಷಣ ದಾಟಿಹೋಗುತ್ತದೆ.

ಈ ಹವ್ಯಾಸದ ಸಲಹೆಗಳಲ್ಲಿ ಹೆಚ್ಚಿನವು ಯುರೋಪ್, ಅಮೆರಿಕದ ಮುಚ್ಚಿದ, ಬೆಚ್ಚಗಿನ ಕೋಣೆಗಳನ್ನು ನೋಡಿ ಬರೆದವು. ಬೇಸಿಗೆಯ ದೂಳು, ಮಳೆಗಾಲದ ತೇವ ಎರಡೂ ಕಿಟಕಿಯಿಂದ ಒಳಬರುವ ನಮ್ಮ ಮನೆಗಳಲ್ಲಿ ಓಡಿಸದಿದ್ದಾಗ ಹಳಿ ಜೋಡಿಸಿದ ಲೇಔಟಿಗೆ ಹೊದಿಕೆ ಹಾಕುವುದು ಎಷ್ಟೋ ಉಜ್ಜಾಟವನ್ನು ಉಳಿಸುತ್ತದೆ.

ಯಾವ ವಿಧಾನವನ್ನೂ ಅದು ಎತ್ತಿದ ಕಪ್ಪಿನಿಂದ ಅಳೆಯಬಾರದು. ಮುಂದಿನ ಸಲ ಶುಚಿ ಮಾಡುವ ತನಕ ರೈಲು ಎಷ್ಟು ದಿನ ತಡವರಿಸದೆ ಓಡಿತು ಎಂಬುದೇ ಸರಿಯಾದ ಅಳತೆ. ನನ್ನ ಮಾತನ್ನೂ ಹಾಗೆಯೇ ಪರೀಕ್ಷಿಸಿ. ಲೇಔಟಿನ ಎರಡು ಪ್ರತ್ಯೇಕ ಸುತ್ತುಗಳಲ್ಲಿ ಒಂದನ್ನು ರಬ್ಬರಿನಿಂದ ಉಜ್ಜಿ. ಇನ್ನೊಂದನ್ನು ದ್ರಾವಕದಿಂದ ಒರೆಸಿ, ಅಲ್ಲಿ ಓಡುವ ಎಲ್ಲ ಗಾಲಿಗಳನ್ನೂ ಶುಚಿ ಮಾಡಿ. ರೈಲು ನಿಂತ ದಿನಗಳನ್ನು ಬರೆದಿಡಿ. ಹವ್ಯಾಸಿಗೆ ಬಿಡುವಿನ ವೇಳೆಯೇ ಬಂಡವಾಳ. ಅದು ರೈಲು ಓಡಿಸುವುದಕ್ಕೆ ಸಲ್ಲಬೇಕು.